ಹಗಲು ಚೆನ್ನಾಗಿದೆ, ರಾತ್ರಿ ನೋಡೋರಿಲ್ಲ

ಅಮ್ಮ ಈ ವೃದ್ಧಾಶ್ರಮದಲ್ಲಿ 14 ತಿಂಗಳಿದ್ದರು. ಹಗಲಿನ ಸಿಬ್ಬಂದಿ ನಿಜಕ್ಕೂ ಒಳ್ಳೆಯವರು. ಒಬ್ಬ ಆಯಾ ದಿನಾ ಬೆಳಿಗ್ಗೆ ಅಮ್ಮನ ಕಿವಿ ಮೆಷಿನ್ ಒರೆಸಿ, ಬ್ಯಾಟರಿ ನೋಡಿ, ಹಾಕಿದ ಮೇಲೇ ಮಾತು ಶುರು ಮಾಡುತ್ತಿದ್ದರು. ಅವರನ್ನು ಮರೆಯಲಾರೆ.

ತೊಂದರೆ ಇರೋದು ರಾತ್ರಿ. 22 ಜನಕ್ಕೆ ಒಬ್ಬರೇ. ಹಾಸಿಗೆ ಹಿಡಿದವರಿಗೆ ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹುಣ್ಣಾಗುತ್ತದೆ. ಅಮ್ಮನಿಗೂ ಆಯಿತು, ಸೊಂಟದ ಕೆಳಗೆ, ಹೆಬ್ಬೆರಳಗಲ. ಮಗ್ಗುಲು ಬದಲಿಸಿದ್ದನ್ನು ಗುರುತು ಹಾಕುವ ಚಾರ್ಟಿನಲ್ಲಿ ಮಾತ್ರ ರಾತ್ರಿಯಿಡೀ ಟಿಕ್, ಎಲ್ಲಾ ಒಂದೇ ಸಲ ಹಾಕಿದ ಹಾಗೆ. ಮ್ಯಾನೇಜರ್‌ಗೆ ತೋರಿಸಿದೆ. ‘ಜನ ಸಿಗ್ತಿಲ್ಲ’ ಅಂದರು. ಇದ್ದ ಒಳ್ಳೆಯವರನ್ನು ಸುಸ್ತು ಮಾಡಿ ಕಳಿಸಿದರೆ ಹೇಗೆ ಸಿಗ್ತಾರೆ?

ಯಾರನ್ನಾದರೂ ಸೇರಿಸುವ ಮುಂಚೆ ರಾತ್ರಿ ಡ್ಯೂಟಿಗೆ ಎಷ್ಟು ಜನ ಅಂತ ಕೇಳಿ. ಸಾಧ್ಯವಾದರೆ 10 ಗಂಟೆ ಮೇಲೆ ಒಮ್ಮೆ ಹೋಗಿ ನೋಡಿ.