ಹಳೆಯ ಲ್ಯಾಪ್‌ಟಾಪಿನಲ್ಲಿ ‘ಬಾಲ್ಡರ್ಸ್ ಗೇಟ್ 3’: ಎರಡು ಅಂಕ ಸಲೀಸು, ಮೂರನೆಯದು ಏದುಸಿರು

ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್ 2023ರ ಆಗಸ್ಟ್ 3ರಂದು ಪಿಸಿಗೆ ಬಿಡುಗಡೆ ಮಾಡಿದ ರೋಲ್-ಪ್ಲೇಯಿಂಗ್ ಗೇಮ್ ‘ಬಾಲ್ಡರ್ಸ್ ಗೇಟ್ 3’ ಆ ವರ್ಷದ ದಿ ಗೇಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ಗೇಮ್ ಪ್ರಶಸ್ತಿಯನ್ನು ಪಡೆಯಿತು. ಅದರ ಕಥೆಯ ಬಗ್ಗೆ, ಪಾತ್ರಗಳ ಬಗ್ಗೆ ಈಗಾಗಲೇ ಬೇಕಾದಷ್ಟು ಬರೆಯಲಾಗಿರುವುದರಿಂದ ಅದನ್ನೇ ಮತ್ತೆ ಹೇಳುವ ಅಗತ್ಯವಿಲ್ಲ. ಗೇಮ್ ಬರುವುದಕ್ಕೆ ಐದಾರು ವರ್ಷ ಮೊದಲೇ ಕೊಂಡ ಲ್ಯಾಪ್‌ಟಾಪ್ ಇಟ್ಟುಕೊಂಡವರು ಇದನ್ನು ಕೊನೆಯವರೆಗೆ ಆಡಬಹುದೇ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ತಯಾರಕರು ತಿಳಿಸಿರುವ ಕನಿಷ್ಠ ಅಗತ್ಯಗಳೆಂದರೆ ಇಂಟೆಲ್ ಐ5-4690 ಅಥವಾ ಅದಕ್ಕೆ ಸಮನಾದ ಪ್ರೊಸೆಸರ್, 8 ಜಿಬಿ ರ‍್ಯಾಮ್, ಜಿಟಿಎಕ್ಸ್ 970 ಗ್ರಾಫಿಕ್ಸ್ ಕಾರ್ಡ್ ಮತ್ತು ವೇಗದ ಶೇಖರಣಾ ಡ್ರೈವ್ ಆದ ಎಸ್‌ಎಸ್‌ಡಿಯಲ್ಲಿ 150 ಜಿಬಿ ಜಾಗ. ನಾನು ಆಡಿದ ಲ್ಯಾಪ್‌ಟಾಪಿನಲ್ಲಿರುವುದು ನಾಲ್ಕು ಕೋರ್‌ಗಳ ಐ5-7300ಎಚ್‌ಕ್ಯೂ ಪ್ರೊಸೆಸರ್ ಮತ್ತು 4 ಜಿಬಿ ಮೆಮೊರಿಯ ಜಿಟಿಎಕ್ಸ್ 1050 ಟಿಐ. ಮಾದರಿ ಸಂಖ್ಯೆ ದೊಡ್ಡದಾಗಿದ್ದರೂ ಈ ಕಾರ್ಡ್ 970ಕ್ಕಿಂತ ನಿಧಾನವಾದದ್ದು. ಹಾಗಾಗಿ ತಯಾರಕರ ಪಟ್ಟಿಯನ್ನು ಅಕ್ಷರಶಃ ನಂಬುವವರು ಇಂಥ ಲ್ಯಾಪ್‌ಟಾಪಿನಲ್ಲಿ ಈ ಗೇಮಿನ ಗೊಡವೆಗೇ ಹೋಗುವುದಿಲ್ಲ.

ಆದರೂ ಅದು ಓಡುತ್ತದೆ, ಮತ್ತು ಬಹುಪಾಲು ಚೆನ್ನಾಗಿಯೇ ಓಡುತ್ತದೆ. ಇದಕ್ಕೆ ಮುಖ್ಯ ಕಾರಣ ಆಟದ ಸ್ವರೂಪವೇ. ಕಾದಾಟವೆಲ್ಲ ಸರದಿಯ ಪ್ರಕಾರ ನಡೆಯುವುದರಿಂದ ಶತ್ರು ನಮ್ಮ ಬೆರಳಿನ ವೇಗಕ್ಕೆ ಸವಾಲು ಹಾಕುವುದಿಲ್ಲ. ಬಾಣ ಬಿಡಬೇಕೋ ಬೆಂಕಿಯ ಮಂತ್ರ ಪ್ರಯೋಗಿಸಬೇಕೋ ಎಂದು ಯೋಚಿಸುತ್ತ ಎಷ್ಟು ಹೊತ್ತು ಕುಳಿತರೂ ಆಟ ಕಾಯುತ್ತದೆ. ಗುಂಡು ಹಾರಿಸುವ ಆಟವೊಂದರಲ್ಲಿ ಸೆಕೆಂಡಿಗೆ 30 ಫ್ರೇಮ್ (ಪರದೆಯ ಮೇಲೆ ಮೂಡುವ ಬಿಡಿ ಚಿತ್ರ) ಎಂದರೆ ಸೋಲು ಖಚಿತ ಎಂದು ಹೇಳುವವರೂ ಇಲ್ಲಿ ಅದೇ 30 ಫ್ರೇಮಿಗೆ ಬಹುಬೇಗ ಒಗ್ಗಿಕೊಳ್ಳುತ್ತಾರೆ.

ಆ 30 ಫ್ರೇಮ್ ತಾನಾಗಿ ಬರುವುದಿಲ್ಲ. ಲ್ಯಾಪ್‌ಟಾಪಿನ ಪರದೆ 1920×1080ರದ್ದಾದರೆ ಪ್ರತಿ ಫ್ರೇಮಿಗೂ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳನ್ನು ಬಿಡಿಸಬೇಕಾಗುತ್ತದೆ. ಎಫ್‌ಎಸ್‌ಆರ್ 2.2 ಸೌಲಭ್ಯವನ್ನು ಕ್ವಾಲಿಟಿ ಮಟ್ಟದಲ್ಲಿಟ್ಟರೆ ಗೇಮ್ ಒಳಗೊಳಗೆ 1280×720ರಲ್ಲಿ, ಅಂದರೆ ಸುಮಾರು 9.2 ಲಕ್ಷ ಪಿಕ್ಸೆಲ್‌ಗಳಲ್ಲಿ ಚಿತ್ರ ಬಿಡಿಸಿ, ಅದನ್ನು ಪರದೆಯ ಅಳತೆಗೆ ಹಿಗ್ಗಿಸುತ್ತದೆ. ಇದೇ ಬಗೆಯ ಕೆಲಸ ಮಾಡುವ ಎನ್ವಿಡಿಯಾದ ಡಿಎಲ್‌ಎಸ್‌ಎಸ್ ಅದರ ಆರ್‌ಟಿಎಕ್ಸ್ ಕಾರ್ಡುಗಳಿಗಷ್ಟೇ ಮೀಸಲು. ಎಎಂಡಿ ರೂಪಿಸಿದ ಎಫ್‌ಎಸ್‌ಆರ್ ಮಾತ್ರ ಪ್ರತಿಸ್ಪರ್ಧಿ ಎನ್ವಿಡಿಯಾದ ಹಳೆಯ ಜಿಟಿಎಕ್ಸ್ ಕಾರ್ಡಿನ ಮೇಲೂ ಕೆಲಸ ಮಾಡುತ್ತದೆ ಎಂಬುದು ನಮ್ಮಂಥವರ ಪುಣ್ಯ. ಕ್ಯಾಮೆರಾ ಮೇಲಿನಿಂದ ನೋಡುತ್ತಿರುವಾಗ ಈ ಹಿಗ್ಗಿಸುವಿಕೆ ಕಣ್ಣಿಗೆ ಬೀಳುವುದೇ ಇಲ್ಲ. ಸಂಭಾಷಣೆ ಶುರುವಾಗಿ ಮುಖಗಳು ಪರದೆ ತುಂಬಿದಾಗ ಮಾತ್ರ ಗುಟ್ಟು ಬಯಲಾಗುತ್ತದೆ. ಕೂದಲಿನ ಅಂಚು ಸಣ್ಣಗೆ ಮಿನುಗುತ್ತಿರುತ್ತದೆ, ಗಡ್ಡ ಚುಕ್ಕೆಚುಕ್ಕೆಯಾಗಿ ಕಾಣುತ್ತದೆ, ಕ್ಯಾಮೆರಾ ಒಬ್ಬರಿಂದ ಇನ್ನೊಬ್ಬರತ್ತ ತಿರುಗಿದಾಗ ಬಟ್ಟೆಯ ನೇಯ್ಗೆ ಕ್ಷಣಕಾಲ ಮಸುಕಾಗಿದ್ದು ಆಮೇಲೆ ಸ್ಪಷ್ಟವಾಗುತ್ತದೆ. ಟೆಕ್ಸ್ಚರ್‌ಗಳನ್ನು (ವಸ್ತುಗಳ ಮೇಲ್ಮೈಯ ಚಿತ್ರಗಳನ್ನು) ಮಧ್ಯಮಕ್ಕಿಂತ ಮೇಲೇರಿಸಿದರೆ 4 ಜಿಬಿ ಮೆಮೊರಿಗೆ ಭಾರವಾಗುವುದರಿಂದ ಈ ಮಸುಕು ಇನ್ನಷ್ಟು ಹೊತ್ತು ಉಳಿಯುತ್ತದೆ. ಮೋಡ, ಮಂಜು, ಬೆಳಕಿನ ಕೋಲುಗಳ ಗುಣಮಟ್ಟವನ್ನು ಎಷ್ಟು ಇಳಿಸಿದರೂ ನಷ್ಟವೇನಿಲ್ಲ.

ಎಸ್‌ಎಸ್‌ಡಿಯ ವಿಷಯದಲ್ಲಿ ರಾಜಿ ಸಲ್ಲದು. ನಿಧಾನದ ಹಾರ್ಡ್ ಡಿಸ್ಕಿಗೆಂದೇ ಸೆಟ್ಟಿಂಗ್ಸ್‌ನಲ್ಲಿ ಒಂದು ಆಯ್ಕೆಯಿದೆಯಾದರೂ ಅದು ನೆಪಕ್ಕಷ್ಟೇ ಎಂದು ನನಗನ್ನಿಸಿತು. ಈ ಆಟದಲ್ಲಿ ಸೋಲುವುದು, ಹಿಂದಿನ ಸೇವ್ ತೆರೆಯುವುದು ನಿತ್ಯದ ವ್ಯವಹಾರ. ಹಲವು ಪ್ರಯತ್ನಗಳ ಫಲವನ್ನು ಇಲ್ಲಿ ದಾಳವೇ ನಿರ್ಧರಿಸುತ್ತದೆ; ಅದು ಕೈಕೊಟ್ಟಾಗಲೆಲ್ಲ ಲೋಡಿಂಗ್ ಪಟ್ಟಿಯನ್ನು ದಿಟ್ಟಿಸುತ್ತ ಕೂರುವ ತಾಳ್ಮೆ ಯಾರಿಗೂ ಇರಲಾರದು. 8 ಜಿಬಿ ರ‍್ಯಾಮ್ ಒಂದೇ ಸ್ಲಾಟಿನಲ್ಲಿದ್ದು ಇನ್ನೊಂದು ಸ್ಲಾಟ್ ಖಾಲಿಯಿದ್ದರೆ ಅದೇ ಅಳತೆಯ ಇನ್ನೊಂದು ಕಡ್ಡಿ ಹಾಕಿಸುವುದು ಒಳ್ಳೆಯದು. ರ‍್ಯಾಮ್ 16 ಜಿಬಿ ಆಗುವುದರ ಜೊತೆಗೆ ಎರಡು ಚಾನಲ್‌ಗಳಲ್ಲಿ ದತ್ತಾಂಶ ಹರಿಯುವುದರಿಂದ ಆಗಾಗ ಬರುವ ಜರ್ಕ್‌ಗಳು ಗಣನೀಯವಾಗಿ ಕಡಿಮೆಯಾಗುತ್ತವೆ.

ಶಾಖದ್ದು ಇನ್ನೊಂದು ಗೋಳು. ಇಂಥ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಎರಡೂ ಒಂದೇ ತಾಮ್ರದ ಕೊಳವೆಗಳಿಗೆ ಶಾಖ ಬಿಡುತ್ತವೆ. ವರ್ಷಗಳ ಧೂಳು ಜಾಲರಿಯಲ್ಲಿ ಕೂತು, ಚಿಪ್ಪಿನ ಶಾಖ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿದ್ದರೆ, ಆಟದ ಮೊದಲ ಹತ್ತು ನಿಮಿಷ ಸೊಗಸಾಗಿ ಕಳೆದು, ಚಿಪ್ ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸಿದೊಡನೆ ಎಲ್ಲವೂ ಕುಂಟತೊಡಗುತ್ತದೆ. ಧೂಳು ತೆಗೆಸಿ ಪೇಸ್ಟ್ ಹೊಸದಾಗಿ ಹಚ್ಚಿಸಿದ ನಂತರ, ಗೇಮಿನೊಳಗಿನ ಮಿತಿಯನ್ನು 30 ಫ್ರೇಮಿಗೆ ಕಟ್ಟಿಹಾಕಿದರೆ ಫ್ಯಾನಿನ ಅಬ್ಬರವೂ ಸಹಿಸುವಷ್ಟಕ್ಕೆ ಇಳಿಯುತ್ತದೆ. ಚಾರ್ಜರ್ ಇಲ್ಲದೆ ಆಡುವ ಯೋಚನೆಯನ್ನು ಬಿಟ್ಟುಬಿಡಿ.

ಇಷ್ಟೆಲ್ಲ ಒಪ್ಪ ಮಾಡಿಕೊಂಡು ಮೂರು ಅಂಕಗಳ ಕಥೆಯ ಮೊದಲ ಎರಡು ಅಂಕಗಳನ್ನು ನಿರಾತಂಕವಾಗಿ ಆಡಿದವರಿಗೆ ಮೂರನೆಯ ಅಂಕ ಬೇರೆಯದೇ ಗೇಮಿನಂತೆ ತೋರುತ್ತದೆ. ಕಥೆ ಬಾಲ್ಡರ್ಸ್ ಗೇಟ್ ನಗರವನ್ನು ಸೇರುತ್ತದೆ; ಬೀದಿಯಲ್ಲಿ ಹತ್ತಾರು ಜನ ಓಡಾಡುತ್ತಾರೆ, ಮಾತಾಡುತ್ತಾರೆ, ನಾವು ಕದ್ದರೆ ನೋಡುತ್ತಾರೆ. ಇವರೆಲ್ಲರ ನಡಿಗೆ, ನೋಟ, ಪ್ರತಿಕ್ರಿಯೆಗಳ ಲೆಕ್ಕ ಬೀಳುವುದು ಗ್ರಾಫಿಕ್ಸ್ ಕಾರ್ಡಿನ ಮೇಲಲ್ಲ, ಪ್ರೊಸೆಸರ್ ಮೇಲೆ. ಈ ಭಾಗ ಹೊಸ ಪ್ರೊಸೆಸರುಗಳನ್ನೂ ಬಳಲಿಸುತ್ತದೆಂಬುದು ಬಿಡುಗಡೆಯಾದಾಗಿನಿಂದ ಎಲ್ಲರಿಗೂ ತಿಳಿದ ಸಂಗತಿ, ನಂತರದ ಅಪ್‌ಡೇಟ್‌ಗಳು ಅದನ್ನು ಒಂದಿಷ್ಟು ಹಗುರಗೊಳಿಸಿವೆ. ನಾಲ್ಕೇ ಕೋರ್‌ಗಳಿರುವಲ್ಲಿ ಮಾತ್ರ ಫ್ರೇಮ್‌ಗಳು 20ರ ಆಸುಪಾಸಿಗೆ, ಕಿಕ್ಕಿರಿದ ಬೀದಿಗಳಲ್ಲಿ ಅದಕ್ಕೂ ಕೆಳಗೆ ಕುಸಿಯುತ್ತವೆ. ಕೆಲವರು ಇಲ್ಲಿ ಗಾಬರಿಯಾಗಿ ರೆಸಲ್ಯೂಶನ್ ಇಳಿಸುತ್ತ ಹೋಗುತ್ತಾರೆ. 960×540ಕ್ಕೆ ಬಂದರೂ ಫ್ರೇಮ್ ಏರುವುದಿಲ್ಲ, ಚಿತ್ರ ಮಾತ್ರ ಕೆಡುತ್ತದೆ. ಏರದಿರುವುದೇ ಅಡಚಣೆ ಪ್ರೊಸೆಸರಿನದು ಎಂಬುದಕ್ಕೆ ಸಾಕ್ಷಿ. ಡೈನಮಿಕ್ ಕ್ರೌಡ್ಸ್ ಎಂಬ ಆಯ್ಕೆಯನ್ನು ಆರಿಸಿದರೆ ಅಷ್ಟಿಷ್ಟು ಉಸಿರಾಡಬಹುದು. ಶುರುವಿನಲ್ಲಿ ವಲ್ಕನ್ ಅಥವಾ ಡೈರೆಕ್ಟ್‌ಎಕ್ಸ್ 11 (ಗೇಮ್ ಗ್ರಾಫಿಕ್ಸ್ ಕಾರ್ಡಿನೊಡನೆ ವ್ಯವಹರಿಸುವ ಎರಡು ವಿಧಾನಗಳು) ಎಂದು ಕೇಳಿದಾಗ ಎರಡನ್ನೂ ಒಮ್ಮೆ ನೋಡಿಬಿಡುವುದು ಒಳ್ಳೆಯದು, ಏಕೆಂದರೆ ಫಲಿತಾಂಶ ಲ್ಯಾಪ್‌ಟಾಪಿನಿಂದ ಲ್ಯಾಪ್‌ಟಾಪಿಗೆ ಬದಲಾಗುತ್ತದೆ. ನನ್ನಲ್ಲಿ ಡೈರೆಕ್ಟ್‌ಎಕ್ಸ್ 11 ಹೆಚ್ಚು ಸ್ಥಿರವಾಗಿತ್ತು. ಆಟ ನಿಲ್ಲುವುದಿಲ್ಲ, ಮುಗಿಸಲೂಬಹುದು. ಆದರೆ ಕಥೆ ಉತ್ಕರ್ಷಕ್ಕೆ ಏರುವ ಹೊತ್ತಿಗೇ ಚಿತ್ರ ತಡವರಿಸುವುದು ಬೇಸರ ತರಿಸುತ್ತದೆ.

ಹಳೆಯ ಯಂತ್ರದ ಮೇಲೆ ಮತ್ತಷ್ಟು ಹಣ ಸುರಿಯುವವರು ಇನ್ನೊಂದು ಮಾತನ್ನೂ ಗಮನಿಸಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಐ5-7300ಎಚ್‌ಕ್ಯೂ ವಿಂಡೋಸ್ 11 ಬೆಂಬಲಿಸುವ ಪ್ರೊಸೆಸರುಗಳ ಪಟ್ಟಿಯಲ್ಲಿಲ್ಲ. ಎಸ್‌ಎಸ್‌ಡಿಯನ್ನು ಮುಂದೆ ಬೇರೆಡೆಯೂ ಬಳಸಬಹುದಾದ್ದರಿಂದ ಆ ಖರ್ಚು ದಂಡವಲ್ಲ. ಅದು ಮತ್ತು ಮೇಲೆ ಹೇಳಿದ ರ‍್ಯಾಮ್ ಕಡ್ಡಿ, ಪೇಸ್ಟಿನಂಥ ಸಣ್ಣ ಖರ್ಚುಗಳಾಚೆಗೆ ಹೋಗುವುದನ್ನು ನಾನು ಶಿಫಾರಸು ಮಾಡಲಾರೆ.

ಕೊಂಡು ಪರೀಕ್ಷಿಸಿ ನೋಡಬಯಸುವವರಿಗೆ ಗೇಮ್ ಮಾರುವ ಆನ್‌ಲೈನ್ ಮಳಿಗೆ ಸ್ಟೀಮ್‌ನ ಮರುಪಾವತಿ ನಿಯಮ ನೆರವಾಗುತ್ತದೆ: ಕೊಂಡ 14 ದಿನಗಳೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ಹಿಂದಕ್ಕೆ ಕೇಳಬಹುದು. ತೊಡಕೆಂದರೆ, ಮೂರನೆಯ ಅಂಕ ಬರುವುದು ಹತ್ತಾರು ಗಂಟೆಗಳ ನಂತರ. ಆದ್ದರಿಂದ ಪಾತ್ರದ ಮುಖ ತಿದ್ದುವುದರಲ್ಲಿ ಸಮಯ ಕಳೆಯದೆ ಸಿಕ್ಕಿದ ಪಾತ್ರವನ್ನೇ ಆರಿಸಿ, ಹಡಗಿನ ಮುನ್ನುಡಿ ದಾಟಿ, ನೇರವಾಗಿ ಎಮರಾಲ್ಡ್ ಗ್ರೋವ್ ಎಂಬ ಜನವಸತಿಗೆ ನಡೆಯಿರಿ. ಮೊದಲ ಅಂಕದಲ್ಲಿ ಜನಜಂಗುಳಿಯ ಭಾರ ತಿಳಿಯುವ ಜಾಗ ಅದು. ಅಲ್ಲಿ ನಿಂತು ಕ್ಯಾಮೆರಾವನ್ನು ನಿಧಾನವಾಗಿ ಸುತ್ತು ಹಾಕಿಸಿದಾಗ ಫ್ರೇಮ್ 30ರ ಹತ್ತಿರ ಉಳಿದರೆ ಗೇಮನ್ನು ಇಟ್ಟುಕೊಳ್ಳಬಹುದು. ಅಲ್ಲೇ 20ಕ್ಕೆ ಇಳಿಯುವುದಾದರೆ ಹಣ ವಾಪಸ್ ಪಡೆದು ಮುಂದಿನ ಲ್ಯಾಪ್‌ಟಾಪಿನವರೆಗೆ ಕಾಯುವುದೇ ಮೇಲು.