ಲೇಬಲ್ ಇಲ್ಲದ ಬಳ್ಳಾರಿ ಜೀನ್ಸ್, ನಾಲ್ಕು ವರ್ಷ ಹಾಕಿಕೊಂಡ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಶಾಪಿಂಗ್ ಹುಚ್ಚು. ಅಮ್ಮ ಹೇಳುವ ಹಾಗೆ, "ಕಿವಿ ಇರೋದು ಎರಡು, ಓಲೆ ನಲವತ್ತು ಜೊತೆ." ಅಮ್ಮನ ಲೆಕ್ಕ ತಪ್ಪು. ನಲವತ್ತಮೂರು ಜೊತೆ ಇವೆ, ಅದರಲ್ಲಿ ಎರಡು ಒಂಟಿಯಾಗಿವೆ. ಸಂಬಳ ಬಂದ ವಾರ ನಮ್ಮ ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಿ ಒಂದು ಸುತ್ತು ಹಾಕದಿದ್ದರೆ ಕಾಲಿಗೆ ಸಮಾಧಾನ ಇಲ್ಲ. ಸುಮ್ನೆ ನೋಡಿ ಬರ್ತೀನಿ ಅಂತ ಹೋಗಿ ಮೂರು ಕವರ್ ಹಿಡಿದುಕೊಂಡು ಬರುವವಳು ನಾನು. ಇಂಥವಳು ಒಂದೇ ಪ್ಯಾಂಟನ್ನು ನಾಲ್ಕು ವರ್ಷ ಬಿಡದೆ ಹಾಕಿದ್ದೇನೆ ಅಂದರೆ ಅದರ ಬಗ್ಗೆ ಬರೆಯಲೇಬೇಕು ಅಲ್ವಾ?

ಆ ಪ್ಯಾಂಟಿಗೆ ಹೆಸರಿಲ್ಲ. ಸೊಂಟದ ಹಿಂದೆ ಚರ್ಮದ ಪಟ್ಟಿ ಇಲ್ಲ, ಒಳಗೆ ಬ್ರ್ಯಾಂಡ್ ಚೀಟಿ ಇಲ್ಲ. ಒಂದು ಬಿಳಿ ಚೂರು ಬಟ್ಟೆಯ ಮೇಲೆ 30 ಅಂತ ಇತ್ತು, ಅದೂ ಆರು ತಿಂಗಳಲ್ಲಿ ಅಳಿಸಿಹೋಯಿತು. 2021ರ ದೀಪಾವಳಿಗೆ ಮುಂಚೆ ಕೌಲ್ ಬಜಾರಿನ ಒಂದು ಗಲ್ಲಿಯಲ್ಲಿ 650 ರೂಪಾಯಿಗೆ ತಗೊಂಡದ್ದು. ಏಳ್ನೂರು ಅಂದರು, ಐನೂರಕ್ಕೆ ಕೇಳಿದೆ, ಎರಡು ಸಲ ಎದ್ದು ಹೋಗುವ ನಾಟಕವನ್ನೂ ಮಾಡಿದೆ. ಐವತ್ತು ಮಾತ್ರ ಇಳಿಯಿತು.

ಬಳ್ಳಾರಿಯವರಿಗೆ ಜೀನ್ಸ್ ವಿಷಯ ಹೇಳಿಕೊಡಬೇಕಿಲ್ಲ. ನಮ್ಮ ಓಣಿಯಲ್ಲೇ ಎರಡು ಮನೆಯಿಂದ ಮಿಷನ್ ಸದ್ದು ಬರುತ್ತದೆ. ಬೆಳಿಗ್ಗೆ ಟಿವಿಎಸ್ ಗಾಡಿಯ ಮೇಲೆ ಆಳೆತ್ತರ ನೀಲಿ ಗಂಟು ಕಟ್ಟಿಕೊಂಡು ಹೋಗುವವರು ದಿನಾ ಕಾಣುತ್ತಾರೆ. ಇಲ್ಲಿ ಹೊಲಿದ ಪ್ಯಾಂಟು ಎಲ್ಲೆಲ್ಲಿಗೋ ಹೋಗುತ್ತದೆ. ನಾನು ಮಾತ್ರ ಕಾಲೇಜು ಮುಗಿಯುವ ತನಕ ಜೀನ್ಸ್ ಬೇಕಾದಾಗ ಬೆಂಗಳೂರಿನ ಚಿಕ್ಕಮ್ಮನ ಮನೆಗೆ ಹೋಗುವುದನ್ನೇ ಕಾಯುತ್ತಿದ್ದೆ. ಹಿತ್ತಲ ಗಿಡ ಮದ್ದಲ್ಲ ಅನ್ನೋದು ಸುಮ್ನೆ ಹೇಳಿದ್ದಾರಾ? ಅಲ್ಲಿನ ಮಾಲ್‌ನಲ್ಲಿ 2,400 ಕೊಟ್ಟು ತಂದ ಒಂದು ಪ್ಯಾಂಟು ಎರಡು ವರ್ಷಕ್ಕೆ ತೊಡೆಯ ಹತ್ತಿರ ಜಾಲರಿ ಆಯಿತು. ಅದನ್ನು ಎದುರುಮನೆ ಅಕ್ಕನಿಗೆ ತೋರಿಸಿ ಗೋಳಾಡಿದೆ. ಅಲ್ಲಿಂದ ಕಥೆ ಶುರು.

ಅಕ್ಕ ಮನೆಯಲ್ಲೇ ಕೂತು ಪೀಸ್ ಲೆಕ್ಕಕ್ಕೆ ದಾರ ಕತ್ತರಿಸುತ್ತಾರೆ. ಹೊಲಿದು ಬಂದ ಪ್ಯಾಂಟಿನ ತುದಿಗಳಲ್ಲಿ ನೇತಾಡುವ ದಾರವನ್ನೆಲ್ಲ ಪುಟ್ಟ ಕಟರ್‌ನಲ್ಲಿ ಕತ್ತರಿಸಿ ಕೊಡುವ ಕೆಲಸ. ಸಂಜೆಗೆ ಅವರ ಸೀರೆ, ಕೂದಲು, ಹೊಸ್ತಿಲು ಎಲ್ಲ ಕಡೆ ಹಳದಿ ದಾರದ ಚೂರು. ನನ್ನ ಮಾಲ್ ಪ್ಯಾಂಟನ್ನು ಅವರು ಮುಂದಿನಿಂದ ನೋಡಲೇ ಇಲ್ಲ. ಸರ್ರನೆ ಒಳಗಿಂದ ಹೊರಗೆ ತಿರುಗಿಸಿದರು. "ನೀವೆಲ್ಲ ಮುಖ ನೋಡಿ ತಗೊಂತೀರಿ. ಪ್ಯಾಂಟನ್ನ ಹೊಟ್ಟೆ ನೋಡಿ ತಗೋಬೇಕು" ಅಂದರು.

ಆಮೇಲೆ ಕೌಲ್ ಬಜಾರಿಗೆ ನನ್ನ ಜೊತೆ ಬಂದವರೂ ಅವರೇ. ಅಂಗಡಿಯ ಚಾಚಾ ಹತ್ತು ಪೀಸ್ ಹರಡಿದರು. ಅಕ್ಕ ಹತ್ತನ್ನೂ ತಿರುಗಿಸಿದರು. ತೊಡೆಗಳು ಸೇರುವ ಕಡೆ ನಾಲ್ಕು ಹೊಲಿಗೆ ಬಂದು ಕೂಡುತ್ತವಲ್ಲ, ಅಲ್ಲಿ ಎರಡೂ ಹೆಬ್ಬೆರಳಿಟ್ಟು ಎಳೆದು ನೋಡಿದರು. ಬಾಯಿ ಬಿಟ್ಟರೆ ಆ ಪೀಸ್ ಬೇಡ. ಬೆಲ್ಟ್ ಹಾಕುವ ಲೂಪಿನಲ್ಲಿ ಬೆರಳು ಸಿಕ್ಕಿಸಿ ಜಗ್ಗಿದರು. ಜಿಪ್ಪಿನ ಬುಡದಲ್ಲಿ ಒತ್ತೊತ್ತಾಗಿ ಹೊಲಿದ ಗಟ್ಟಿ ಗೆರೆ ಇದೆಯಾ ನೋಡಿದರು. ಜೇಬಿನ ಒಳಬಟ್ಟೆಯನ್ನು ಬೆಳಕಿಗೆ ಹಿಡಿದರು, ಆಚೆ ಕಡೆ ಚಾಚಾ ಮುಖ ಕಂಡರೆ ಬಟ್ಟೆ ತೆಳು ಅಂತ ಅರ್ಥ. ಮೂರು ಪೀಸ್ ಪಾಸಾದವು. ಅದರಲ್ಲಿ ನನಗೆ ಆಗುವುದು ಒಂದೇ.

ಅಳತೆಯ ವಿಷಯ ಇಲ್ಲೇ ಹೇಳುತ್ತೇನೆ. ಇಂಥ ಪ್ಯಾಂಟಿನಲ್ಲಿ 30 ಅನ್ನೋದು ಬರೀ ನಂಬಿಕೆ. ಒಂದು ಅಂಗಡಿಯ 30 ನನಗೆ ಮೊಣಕಾಲು ದಾಟಲಿಲ್ಲ, ಇನ್ನೊಂದು ಕಡೆಯ 30ರಲ್ಲಿ ನಾನೂ ನನ್ನ ತಂಗಿಯೂ ಸೇರಿ ಹಿಡಿಸುತ್ತಿದ್ದೆವು. ಟೇಪ್ ತಗೊಂಡು ಹೋಗಿ. ಮನೆಯಲ್ಲಿ ಚೆನ್ನಾಗಿ ಕೂರುವ ಪ್ಯಾಂಟಿನ ಸೊಂಟ, ತೊಡೆ, ಉದ್ದ ಅಳೆದು ಫೋನಿನಲ್ಲಿ ಬರೆದುಕೊಂಡು ಹೋದರೆ ಇನ್ನೂ ಒಳ್ಳೇದು. ಹಾಕಿ ನೋಡಲು ಸರಿಯಾದ ಜಾಗ ಇರಲ್ಲ. ನನಗೆ ಸಿಕ್ಕಿದ್ದು ಬಟ್ಟೆ ಥಾನುಗಳ ಹಿಂದೆ ಒಂದು ಪರದೆ, ಅಕ್ಕ ಕಾವಲು.

ಮೊದಲ ವಾರದ ಅನುಭವ ಕೆಟ್ಟದ್ದು. ಅದೇ ದಿನ ಖುಷಿಯಲ್ಲಿ ಒಂದು ಕೆನೆ ಬಣ್ಣದ ಹ್ಯಾಂಡ್‌ಬ್ಯಾಗನ್ನೂ ತಗೊಂಡಿದ್ದೆ, 900 ರೂಪಾಯಿ, ಪ್ಯಾಂಟಿಗಿಂತ ಜಾಸ್ತಿ. ಬಲಗಡೆ ನೇತು ಹಾಕಿಕೊಂಡು ವಾರ ಓಡಾಡಿದೆ. ಶನಿವಾರ ನೋಡಿದರೆ ಬ್ಯಾಗಿನ ಒಂದು ಕೆನ್ನೆ ನೀಲಿ! ಒಗೆದಾಗ ಬಕೆಟ್ಟಿನ ತುಂಬ ನೀಲಿ ನೀರು, ಜೊತೆಗೆ ನೆನೆಸಿದ್ದ ಅಮ್ಮನ ಲಂಗವೂ ನೀಲಿ. ಉಪ್ಪು ನೀರಿನಲ್ಲಿ ನೆನೆಸು ಅಂದರು ಎಲ್ಲರೂ. ಎರಡು ಹಿಡಿ ಉಪ್ಪು ಹೋಯಿತು, ನೀಲಿ ನಿಲ್ಲಲಿಲ್ಲ. ಚಾಚಾ ಹತ್ತಿರ ಜಗಳಕ್ಕೆ ಹೋದೆ.

ಚಾಚಾ ಜಗಳ ಆಡಲಿಲ್ಲ. ಪ್ಯಾಂಟಿನ ಅಂಚಿನಿಂದ ಒಂದು ನೀಲಿ ಎಳೆ ಕಿತ್ತು, ಉಗುರಿನಲ್ಲಿ ಬಿಡಿಸಿ ತೋರಿಸಿದರು. ಮೇಲೆ ನೀಲಿ, ನಡುವೆ ಬಿಳಿ. ಇಂಡಿಗೊ ಬಣ್ಣ ಎಳೆಯ ಒಳಗಿನ ತನಕ ಇಳಿಯುವುದಿಲ್ಲ, ಸುತ್ತ ಉಂಗುರದ ಹಾಗೆ ಕೂತಿರುತ್ತದೆ. ಉಜ್ಜಿದಲ್ಲಿ ಬಿಡುತ್ತದೆ. ಉದ್ದ ಹೋಗುವ ಎಳೆಗೆ ಮಾತ್ರ ಈ ಬಣ್ಣ, ಅಡ್ಡ ಎಳೆ ಬಿಳಿ, ಅದಕ್ಕೇ ಪ್ಯಾಂಟನ್ನು ತಿರುಗಿಸಿದರೆ ಒಳಗೆ ಬೆಳ್ಳಗೆ ಕಾಣುವುದು. "ಬಣ್ಣ ಬಿಡದಿದ್ರೆ ಅದು ಜೀನ್ಸೇ ಅಲ್ಲಮ್ಮಾ. ಒಂದು ವರ್ಷ ತಡಿ, ನೀನೇ ಬಂದು ಚೆಂದ ಐತೆ ಅಂತಿ" ಅಂದರು. ಬ್ಯಾಗಿನ ದುಡ್ಡು ಕೇಳಲು ಬಾಯಿ ಬರಲಿಲ್ಲ.

ಅವರು ಹೇಳಿದ್ದು ನಿಜವಾಯಿತು ಅಂತ ಒಪ್ಪಿಕೊಳ್ಳಬೇಕು. ನಾಲ್ಕು ತಿಂಗಳಿಗೆ ಬಣ್ಣ ಬಿಡುವುದು ಕಮ್ಮಿಯಾಯಿತು. ವರ್ಷಕ್ಕೆ ತೊಡೆಯ ಸಂದಿನಿಂದ ಬೆಕ್ಕಿನ ಮೀಸೆಯ ಹಾಗೆ ಬಿಳಿ ಗೆರೆಗಳು ಮೂಡಿದವು. ಅಂಗಡಿಯಲ್ಲಿ ಹಾಗೆ ಉಜ್ಜಿ, ತೊಳೆದು ಮಾಡಿದ್ದಕ್ಕೆ ದುಡ್ಡು ಜಾಸ್ತಿ ಹಾಕುತ್ತಾರೆ. ನನ್ನದು ನಾನು ಸ್ಕೂಟಿಯ ಮೇಲೆ ಕೂತು ಕೂತು ಆದದ್ದು. ಬಲ ಜೇಬಿನ ಮೇಲೆ ನನ್ನ ಫೋನಿನ ಚೌಕ ಮಾಸಲು ಗೆರೆಯಾಗಿ ಬಿದ್ದಿದೆ. ಆ ಫೋನ್ ಹೋಗಿ ಎರಡು ವರ್ಷ ಆಯಿತು, ಅದರ ನೆರಳು ಇನ್ನೂ ಜೇಬಿನಲ್ಲಿದೆ.

ಜೇಬು ಅಂದೆ ಅಲ್ವಾ, ಹೆಣ್ಣುಮಕ್ಕಳ ಜೀನ್ಸಿನ ಜೇಬಿನ ಬಗ್ಗೆ ಮಾತಾಡಿದರೆ ರಾತ್ರಿ ಆಗುತ್ತದೆ. ಇದರಲ್ಲೂ ಮುಂದಿನ ಜೇಬು ನಾಲ್ಕು ಬೆರಳು ಆಳ ಮಾತ್ರ ಇತ್ತು. ಫೋನಿಟ್ಟರೆ ಅರ್ಧ ಹೊರಗೆ. ಚಾಚಾ 60 ರೂಪಾಯಿಗೆ ಎರಡೂ ಜೇಬಿನ ಒಳಬಟ್ಟೆ ಬಿಚ್ಚಿ, ಗಂಡಸರ ಪ್ಯಾಂಟಿನ ಅಳತೆಗೆ ಹೊಸ ಬಟ್ಟೆ ಹಾಕಿಕೊಟ್ಟರು. ನನ್ನ ಜೀವನದಲ್ಲಿ 60 ರೂಪಾಯಿ ಇಷ್ಟು ಚೆನ್ನಾಗಿ ಖರ್ಚಾಗಿದ್ದು ಇನ್ನೊಂದಿಲ್ಲ. ಮಣಿಕಟ್ಟಿನ ತನಕ ಕೈ ಒಳಗೆ ಹೋಗುತ್ತದೆ. ನನ್ನ ಗೆಳತಿಯರು ಸರದಿಯಲ್ಲಿ ಕೈ ಹಾಕಿ ನೋಡಿದ್ದಾರೆ. ಬಲಗಡೆಯ ಆ ಪುಟ್ಟ ಜೇಬು ಹಿಂದೆ ಸರಪಳಿ ಗಡಿಯಾರ ಇಡಲು ಇದ್ದದ್ದಂತೆ. ನನ್ನದರಲ್ಲಿ ಸದಾ ಒಂದು ಜೊತೆ ಓಲೆಯ ತಿರುಪು ಇರುತ್ತದೆ. ಯಾವ ಮದುವೆಯಲ್ಲಿ ಯಾರ ತಿರುಪು ಬಿದ್ದರೂ ನನ್ನನ್ನೇ ಕರೆಯುತ್ತಾರೆ.

ಜೇಬಿನ ಮೂಲೆಯ ತಾಮ್ರದ ಗುಬ್ಬಿಗಳು, ಅಂದರೆ ರಿವೆಟ್‌ಗಳು, ನಾಲ್ಕು ವರ್ಷಕ್ಕೂ ಅಲುಗಾಡಿಲ್ಲ. ಅದರ ಕಥೆ ಓದಿ ಚಾಚಾಗೆ ಹೇಳಿದ್ದೆ. ಅಮೆರಿಕದಲ್ಲಿ ಕಟ್ಟಿಗೆ ಕಡಿಯುವವನೊಬ್ಬನ ಹೆಂಡತಿ, ಗಂಡನಿಗೆ ಹರಿಯದ ಪ್ಯಾಂಟು ಬೇಕು ಅಂತ ಜೇಕಬ್ ಡೇವಿಸ್ ಅನ್ನುವ ದರ್ಜಿಯ ಹತ್ತಿರ ಬಂದಳಂತೆ. ಅವನು ಜೇಬಿನ ಮೂಲೆಗೆ ರಿವೆಟ್ ಬಡಿದ. ಆಮೇಲೆ ಬಟ್ಟೆ ವ್ಯಾಪಾರಿ ಲೆವಿ ಸ್ಟ್ರಾಸ್ ಜೊತೆ ಸೇರಿ 1873ರಲ್ಲಿ ಪೇಟೆಂಟ್ ಮಾಡಿಸಿಕೊಂಡ. ಚಾಚಾ ಚಹಾ ಲೋಟ ಕೆಳಗಿಟ್ಟು, "ಹೆಸರು ಯಾರದು ಉಳೀತು?" ಅಂದರು. ಲೆವಿದು ಅಂದೆ. "ದರ್ಜಿ ಹೆಸರು ಎಲ್ಲೂ ಉಳಿಯಲ್ಲ" ಅಂತ ಮತ್ತೆ ಮಿಷನ್ ತುಳಿದರು. ಊರಲ್ಲಿ ಬ್ರಿಟಿಷರ ದಂಡು ಇದ್ದ ಕಾಲದಲ್ಲಿ ಅವರ ತಾತ ಸಿಪಾಯಿಗಳ ಖಾಕಿ ಹೊಲಿಯುತ್ತಿದ್ದರಂತೆ. ಅವರ ಹೆಸರು ನಾನೂ ಕೇಳಲಿಲ್ಲ.

ಇನ್ನು ಬೈಗುಳ. ಹದಿನಾಲ್ಕನೇ ತಿಂಗಳಿಗೆ ಜಿಪ್ ಕೈಕೊಟ್ಟಿತು. ಎಲ್ಲಿ ಅಂತೀರಾ, ಗಡಿಗಿ ಚೆನ್ನಪ್ಪ ವೃತ್ತದ ಹತ್ತಿರ ಒಗ್ಗರಣೆ ಮಿರ್ಚಿ ತಿನ್ನುತ್ತಾ ನಿಂತಾಗ. ಎರಡನೇ ಪ್ಲೇಟಿನ ತಪ್ಪೋ ಜಿಪ್ಪಿನ ತಪ್ಪೋ ಗೊತ್ತಿಲ್ಲ, ಹಲ್ಲು ಬಿಟ್ಟುಕೊಂಡು ನಿಂತಿತು. ಕುರ್ತಿ ಉದ್ದ ಇದ್ದದ್ದಕ್ಕೆ ಮಾನ ಉಳಿಯಿತು. ಆಗ ಹಾಕಿಸಿದ ಹಿತ್ತಾಳೆ ಜಿಪ್ 80 ರೂಪಾಯಿ, ಇವತ್ತಿಗೂ ಗಟ್ಟಿ. ತಗೊಳ್ಳುವಾಗಲೇ ಜಿಪ್ ಬದಲಿಸಿಕೊಳ್ಳಿ, ಮಿರ್ಚಿ ತಿನ್ನುವ ತನಕ ಕಾಯಬೇಡಿ.

ಬೇಸಿಗೆಯಲ್ಲಿ ಇದು ಶಿಕ್ಷೆ. ಹನ್ನೆರಡು ಔನ್ಸ್ ಬಟ್ಟೆ, ಅಂದರೆ ಒಂದು ಚದರ ಗಜಕ್ಕೆ ಹತ್ತಿರ ಹತ್ತಿರ 340 ಗ್ರಾಂ ತೂಕ. ಬಳ್ಳಾರಿಯಲ್ಲಿ ಬಿಸಿಲು ನಲವತ್ತು ದಾಟಿದಾಗ ಹಾಕಿಕೊಂಡರೆ ಕಾಲನ್ನು ಹಬೆಯಲ್ಲಿಟ್ಟ ಹಾಗೆ. ಏಪ್ರಿಲ್, ಮೇ ಎರಡು ತಿಂಗಳು ಇದಕ್ಕೆ ರಜೆ ಕೊಡುತ್ತೇನೆ, ಆಗ ಕಾಟನ್ ಪ್ಯಾಂಟೇ ಗತಿ. ಇನ್ನೊಂದು ತಪ್ಪು ನನ್ನದೇ. ಮೊದಲ ಬೇಸಿಗೆಯಲ್ಲಿ ಮಾಳಿಗೆ ಮೇಲೆ ಸುಡು ಬಿಸಿಲಿಗೆ ಒಣ ಹಾಕುತ್ತಿದ್ದೆ. ಬಟ್ಟೆಯಲ್ಲಿ ಸ್ವಲ್ಪ ಹಿಗ್ಗುವ ಎಳೆ ಇದೆ, ಆ ಎಳೆಗೆ ಬಿಸಿ ಆಗಿಬರಲ್ಲ. ಮೊಣಕಾಲು ಜೋಲುಬಿತ್ತು. ಈಗ ತಿರುಗಿಸಿ ನೆರಳಿಗೆ ಹಾಕುತ್ತೇನೆ. ಒಗೆಯುವುದೂ ಕಮ್ಮಿ, ಎಂಟು ಹತ್ತು ಸಲ ಹಾಕಿದ ಮೇಲೆ ಒಂದು ಸಲ. ನಲ್ಲಿಯಲ್ಲಿ ದಿನಾ ನೀರು ಬರುವ ಊರಲ್ಲ ನಮ್ಮದು, ಸೋಮಾರಿತನಕ್ಕೆ ಒಳ್ಳೆ ನೆಪ ಸಿಕ್ಕಿತು.

ಮೂರನೇ ವರ್ಷ ಎಡ ಮೊಣಕಾಲು ಹರಿಯಿತು. ಹರಿದ ಜೀನ್ಸ್ ಫ್ಯಾಷನ್ ಅಂತ ಅಮ್ಮನಿಗೆ ಹೇಳಿ ನೋಡಿದೆ. "ನಮ್ಮ ಹೊಲದಾಗ ಕೆಲಸ ಮಾಡೋರೆಲ್ಲ ಹಂಗಾದ್ರೆ ಫ್ಯಾಷನ್ನೇ" ಅಂದಳು. ಅಷ್ಟರಲ್ಲಿ ಗೆಳತಿಯರ ಜೊತೆ ಹಂಪಿ ಉತ್ಸವಕ್ಕೆ ಹೋಗಿದ್ದೆ. ಅಲ್ಲಿನ ಒಂದು ಮಳಿಗೆಯಲ್ಲಿ ಲಂಬಾಣಿ ಕಸೂತಿಯ ತುಂಡುಗಳು ಸಿಕ್ಕವು. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಟ್ಯಾಗ್, ಅಂದರೆ ಇದು ಆ ಊರಿನದ್ದೇ ಅನ್ನುವ ಸರ್ಕಾರಿ ಗುರುತು, ಇದೆ, 2023ರಲ್ಲಿ ಹಂಪಿಯ ಜಿ20 ಸಭೆಯ ಹೊತ್ತಿಗೆ ಗಿನ್ನೆಸ್ ದಾಖಲೆಗೂ ಹೋಯಿತು. ನಾನು ನೋಡಿದ್ದು ಮಾತ್ರ ಅಂಗೈ ಅಗಲದ ಒಂದು ಚೌಕ. ಕೆಂಪು ಬಟ್ಟೆ, ಅಂಚಿಗೆ ಹಳದಿ, ಹಸಿರು ದಾರದ ಒತ್ತು ಹೊಲಿಗೆ, ನಡುವೆ ಕಡಲೆಬೇಳೆಯಷ್ಟು ಐದು ಕನ್ನಡಿ. 300 ರೂಪಾಯಿ. ಅಲ್ಲಿ ಚೌಕಾಸಿ ಮಾಡಲಿಲ್ಲ. ಮಾರುತ್ತಿದ್ದ ಅಜ್ಜಿಯ ತೋಳಿನ ತುಂಬ ಬಿಳಿ ಬಳೆ, ಬೆನ್ನಿಗೆ ಇದಕ್ಕಿಂತ ನೂರು ಪಾಲು ಚೆಂದದ ಕನ್ನಡಿ ಕೆಲಸ. ಅವರ ಎದುರು ನನ್ನ ಆಕ್ಸಿಡೈಸ್ಡ್ ಜುಮಕಿಗೆ ನಾಚಿಕೆ ಆಯಿತು.

ಚಾಚಾ ಆ ತುಂಡನ್ನು ಮೊಣಕಾಲಿಗೆ ಹೊಲಿದು 50 ತಗೊಂಡರು. ಮೊಣಕಾಲು ಮಡಿಸಿದರೆ ಕನ್ನಡಿ ಬಿರಿಯುತ್ತದೆ ಅಂತ ಸ್ವಲ್ಪ ಮೇಲಕ್ಕೆ, ತೊಡೆಯ ಕಡೆ ಸರಿಸಿದರು. ಆ ಬುದ್ಧಿ ನನಗೆ ಬಂದಿರಲಿಲ್ಲ. ಆಗಿನಿಂದ ಈ ಪ್ಯಾಂಟಿನ ಖದರೇ ಬೇರೆ. ಖಣದ ಕುರ್ತಿ ಹಾಕಿ, ಉದ್ದ ಜುಮಕಿ ಬಿಟ್ಟು ಹೋದರೆ ನಾನು ಕೆಲಸ ಮಾಡುವ ಲ್ಯಾಬಿಗೆ ರಕ್ತ ಪರೀಕ್ಷೆಗೆ ಬಂದವರೂ ಸೂಜಿ ಮರೆತು, "ಎಲ್ಲಿ ತಗೊಂಡ್ರಿ ಮೇಡಂ?" ಅಂತ ಕೇಳುತ್ತಾರೆ. ಒಂದು ಸಲ ಮರೆತು ವಾಷಿಂಗ್ ಮಿಷನ್ನಿಗೆ ಹಾಕಿದೆ, ಒಂದು ಕನ್ನಡಿ ಹೋಯಿತು. ಈಗ ನಾಲ್ಕೇ. ಕೈಯಲ್ಲೇ ಒಗೆಯಬೇಕು, ಅದೊಂದು ಕಷ್ಟ.

ಲೆಕ್ಕ ಹಾಕಿದೆ. ಪ್ಯಾಂಟು 650, ಉದ್ದ ಕತ್ತರಿಸಿದ್ದು 40, ಜೇಬು 60, ಜಿಪ್ 80, ಕಸೂತಿ 300, ಹೊಲಿಸಿದ್ದು 50. ಒಟ್ಟು 1,180. ನೀಲಿಯಾದ ಬ್ಯಾಗಿನ 900 ಸೇರಿಸು ಅಂತಾಳೆ ತಂಗಿ. ಸೇರಿಸಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ ಜಿಪ್ಪಿಗೂ ಅಲ್ಲ, ಬಣ್ಣಕ್ಕೂ ಅಲ್ಲ, ಹೋದ ತಿಂಗಳು ಗೊತ್ತಾದ ಇನ್ನೊಂದು ವಿಷಯಕ್ಕೆ.

ಇಂಥದ್ದೇ ಇನ್ನೊಂದು ಬೇಕು ಅಂತ ಇದನ್ನೇ ಹಾಕಿಕೊಂಡು ಚಾಚಾ ಅಂಗಡಿಗೆ ಹೋಗಿದ್ದೆ. ಅವರು ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿ, "ಆ ಲಾಟ್ ಯಾವಾಗ್ಲೋ ಮುಗೀತಮ್ಮಾ. ಕಟಿಂಗ್ ಮಾಸ್ಟರೂ ಊರು ಬಿಟ್ಟ" ಅಂದರು. ಲೇಬಲ್ ಇಲ್ಲದ್ದಕ್ಕೆ ಮಾಡೆಲ್ ನಂಬರೂ ಇಲ್ಲ, ಆರ್ಡರ್ ಹಾಕಿ ತರಿಸೋಣ ಅಂದರೆ ಏನಂತ ಕೇಳುವುದು? ಒಂದು ಸಲ ಸಿಕ್ಕಿದ್ದು ಒಂದೇ ಸಲ. ಇಷ್ಟವಾದರೆ ಅವತ್ತೇ ಎರಡು ತಗೊಳ್ಳಿ.

ಬರಿಗೈಯಲ್ಲಿ ಬರುವವಳಾ ನಾನು? ಒಂದು ಕಪ್ಪು ಪ್ಯಾಂಟು ಹಿಡಿದುಕೊಂಡೇ ಬಂದೆ, 850. ಈ ಸಲ ನಾನೇ ತಿರುಗಿಸಿ, ಜಗ್ಗಿ, ಬೆಳಕಿಗೆ ಹಿಡಿದು ನೋಡಿದ್ದೆ. ಸಂಜೆ ಎದುರುಮನೆ ಅಕ್ಕನಿಗೆ ತೋರಿಸಿದೆ. ತಿರುಗಿಸಿದರು, ಹೆಬ್ಬೆರಳಿಟ್ಟು ಎಳೆದರು, ಏನೂ ಹೇಳಲಿಲ್ಲ. ಆಮೇಲೆ ಕಾಲಿನ ಒಳತುದಿಯಲ್ಲಿ ಒಂದು ಉದ್ದ ದಾರ ಸಿಕ್ಕಿತು. ಸೆರಗಿನಿಂದ ಕಟರ್ ತೆಗೆದು ಟಕ್ ಅಂತ ಕತ್ತರಿಸಿ, "ಇದು ನಮ್ಮ ಕೈದಲ್ಲ, ನಾವು ಇಂಥದ್ದು ಬಿಡಂಗಿಲ್ಲ" ಅಂದರು.