ಟ್ಯಾಬ್‌ನಲ್ಲಿ ನಿಮ್ಮದೇ ವಿಡಿಯೊ ನೋಡಲು: ವಿಎಲ್‌ಸಿಯೋ, ಎಂಎಕ್ಸ್ ಪ್ಲೇಯರೋ?

ಮದುವೆ ವಿಡಿಯೊ, ಹಳೆ ಯಕ್ಷಗಾನದ ರೆಕಾರ್ಡಿಂಗ್ ಇವೆಲ್ಲ ಆಂಡ್ರಾಯ್ಡ್ ಟ್ಯಾಬ್‌ನಲ್ಲಿ ಓಡಬೇಕು, ಅಲ್ವಾ? ಅದಕ್ಕೆ ವಿಎಲ್‌ಸಿ, ಎಂಎಕ್ಸ್ ಪ್ಲೇಯರ್ ಎಂಬ ಎರಡು ವಿಡಿಯೊ ಆ್ಯಪ್‌ಗಳಿವೆ. ನನ್ನ ಆಯ್ಕೆ ವಿಎಲ್‌ಸಿ.

ಅದು ಪೂರ್ತಿ ಉಚಿತ, ಜಾಹೀರಾತೇ ಇಲ್ಲ. 1996ರಲ್ಲಿ ಫ್ರಾನ್ಸ್‌ನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಶುರು ಮಾಡಿದ ಕೆಲಸದಿಂದ ಬೆಳೆದದ್ದು. ಈಗಲೂ ಲಾಭ ನೋಡದ ವಿಡಿಯೊಲ್ಯಾನ್ ಸಂಸ್ಥೆ ಅದನ್ನು ನಡೆಸುತ್ತಿದೆ. ವಿಡಿಯೊ ಫೈಲ್ ಎಂಕೆವಿ, ಎವಿಐ, ಎಂಪಿ4 ಯಾವುದೇ ಬಗೆಯದಿರಲಿ, ಬೇರೆ ಏನೂ ಹಾಕಿಕೊಳ್ಳದೆ ತೆರೆಯುತ್ತದೆ. ನನಗೆ ಜಾಸ್ತಿ ಇಷ್ಟವಾದದ್ದು ಇನ್ನೊಂದು: ಮನೆಯ ಕಂಪ್ಯೂಟರ್‌ನಲ್ಲಿ ಶೇರ್ ಮಾಡಿದ ಫೋಲ್ಡರನ್ನು ವೈಫೈ ಮೂಲಕವೇ ನೋಡಬಹುದು. ದೊಡ್ಡ ಫೈಲ್‌ಗಳನ್ನು ಕಾಪಿ ಮಾಡಿ ಟ್ಯಾಬ್‌ನ ಜಾಗ ಸುಮ್ನೆ ತುಂಬಿಸಬೇಕಿಲ್ಲ.

ಎಂಎಕ್ಸ್ ಪ್ಲೇಯರ್ ಬಳಸಲು ಬಲು ಸಲೀಸು. ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಬಹುದು. ವಿಡಿಯೊ ತಡವರಿಸಿದರೆ ಅಲ್ಲೇ ಡಿಕೋಡರ್ (ಫೈಲನ್ನು ಬಿಡಿಸಿ ಚಿತ್ರವಾಗಿಸುವ ವ್ಯವಸ್ಥೆ) ಬದಲಿಸಬಹುದು. ಪುಟ್ಟ ಮಕ್ಕಳ ಕೈಗೆ ಟ್ಯಾಬ್ ಕೊಡುವವರಿಗೆ ವಿಡಿಯೊ ಓಡುವಾಗ ಪರದೆ ಮುಟ್ಟಿದರೂ ಏನೂ ಆಗದಂತೆ ತಡೆಯುವ ಅದರ ಕಿಡ್ಸ್ ಲಾಕ್ ನಿಜಕ್ಕೂ ಉಪಕಾರಿ. ಆದರೆ ಉಚಿತ ಆವೃತ್ತಿಯಲ್ಲಿ ಜಾಹೀರಾತು ಬರುತ್ತದೆ. ಲೈಸೆನ್ಸ್ ಕಾರಣಕ್ಕೆ ಡಿಟಿಎಸ್‌ನಂಥ (ಸಿನಿಮಾಗಳಲ್ಲಿ ಬಳಸುವ ಒಂದು ಸದ್ದಿನ ಬಗೆ) ಆಡಿಯೊ ಇರುವ ಫೈಲ್‌ನಲ್ಲಿ ಚಿತ್ರ ಓಡುತ್ತದೆ, ಸದ್ದು ಬರುವುದಿಲ್ಲ. ಅದಕ್ಕೆ ಆ ಸದ್ದನ್ನು ಬಿಡಿಸುವ ಕೋಡೆಕ್ ಫೈಲ್ ಬೇರೆ ಹಾಕಬೇಕು.

ಐಪ್ಯಾಡ್ ಇದ್ದವರು ವಿಎಲ್‌ಸಿಯನ್ನೇ ಹಾಕಿಕೊಳ್ಳಿ. ಅದರ ವೈಫೈ ಶೇರಿಂಗ್ ಆನ್ ಮಾಡಿದರೆ ಕಂಪ್ಯೂಟರ್‌ನ ಬ್ರೌಸರ್‌ನಿಂದಲೇ ಫೈಲ್ ಕಳಿಸಬಹುದು, ಕೇಬಲ್ ಬೇಡ.